ವ್ಯಾಟಲ್ ಗುರುತು ತಪ್ಪುವುದು ಎಲ್ಲಿ? ಎಲೆ ನೋಡಿ ದೋಷ ಹಿಡಿಯುವ ಕೈಪಿಡಿ

ಮ್ಯಾಂಜಿಯಂ ಎಂದು ಹೇಳಿ ತಂದ ಸಸಿ ಮರವಾದ ಮೇಲೂ ಎಲೆ ಸಣ್ಣದಾಗಿಯೇ ಇದೆ. ಊಟಿ ಕಡೆಯ ಒಂದೇ ಕೊಂಬೆಯನ್ನು ಒಬ್ಬರು ಕಪ್ಪು ವ್ಯಾಟಲ್ ಅಂದರು, ಇನ್ನೊಬ್ಬರು ಬೆಳ್ಳಿ ವ್ಯಾಟಲ್ ಅಂದರು. ಮೊಬೈಲ್ ಆ್ಯಪ್ ಒಂದೇ ಮರದ ಎರಡು ಫೋಟೋಗೆ ಎರಡು ಹೆಸರು ಕೊಟ್ಟಿತು. ಈ ಮೂರೂ ದೂರು ವ್ಯಾಟಲ್‌ಗಳ, ಅಂದರೆ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಮರಗಳ ಬಗ್ಗೆ. ಮೂರರ ಬುಡವೂ ಹೆಚ್ಚುಕಮ್ಮಿ ಒಂದೇ. ನೋಡಬಾರದ ಎಲೆಯನ್ನು ನೋಡಿರುತ್ತಾರೆ, ಇಲ್ಲವೇ ಸರಿಯಾದ ಎಲೆಯಲ್ಲಿ ಬೇಡದ್ದನ್ನು ನೋಡಿರುತ್ತಾರೆ.

ಎಲ್ಲರ ಕಣ್ಣೂ ಮೊದಲು ಹೋಗುವುದು ಎಲೆಯ ಗಾತ್ರ ಮತ್ತು ಬಣ್ಣದ ಕಡೆಗೆ. ವ್ಯಾಟಲ್‌ಗಳಲ್ಲಿ ಜಾಸ್ತಿ ಮೋಸ ಮಾಡುವುದೂ ಅವೆರಡೇ. ನೆರಳಿನ ಎಲೆ ಒಂದು ಅಳತೆ, ಬಿಸಿಲಿನ ಎಲೆ ಇನ್ನೊಂದು ಅಳತೆ. ಬೇಸಿಗೆಯ ಧೂಳು ಹತ್ತಿದರೆ ಹಸಿರು ಎಲೆಯೂ ಬೂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಮುಖ್ಯ ನರಗಳು ಎಷ್ಟು, ಗ್ರಂಥಿಗಳು (ಎಲೆಯ ದಂಡಿನ ಮೇಲಿನ ಸಣ್ಣ ಗುಬುಟುಗಳು) ಎಲ್ಲಿ ಕೂತಿವೆ, ಎಳೆ ಕೊಂಬೆ ದುಂಡಗಿದೆಯೋ ಏಣು ಏಣಾಗಿದೆಯೋ ಎನ್ನುವುದು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಅದಕ್ಕೇ ಸ್ಕೇಲನ್ನು ಕೊನೆಗೆ ಹೊರಗೆ ತೆಗೆಯಿರಿ, ಭೂತಗನ್ನಡಿಯನ್ನು ಮೊದಲು.

ಆಸ್ಟ್ರೇಲಿಯಾದಲ್ಲಿ ಅಕೇಶಿಯಾದ ಜಾತಿಗಳೇ ಸಾವಿರದ ಆಸುಪಾಸಿನಲ್ಲಿವೆ. ಅಷ್ಟನ್ನೂ ಎಲೆಯಿಂದ ಬಿಡಿಸುವುದು ಆಗದ ಮಾತು. ನಮ್ಮ ಕಡೆ ಗೊಂದಲ ಮಾಡುವವು ಕೆಲವೇ. ಮಲೆನಾಡು, ಕರಾವಳಿಯ ನೆಡುತೋಪುಗಳಲ್ಲಿ ಔರಿಕುಲಿಫಾರ್ಮಿಸ್ ಮತ್ತು ಮ್ಯಾಂಜಿಯಂ. ನೀಲಗಿರಿ ಬೆಟ್ಟದ ತಂಪಿನಲ್ಲಿ ಮಿಯರ್ನ್ಸಿಐ, ಡೀಲ್‌ಬಾಟಾ, ಡೆಕರೆನ್ಸ್ ಮತ್ತು ಮೆಲನೋಕ್ಸಿಲಾನ್. ಇಲ್ಲಿ ಹೇಳುವುದು ಮುಖ್ಯವಾಗಿ ಇವುಗಳ ಬಗ್ಗೆಯೇ.

ಮೊದಲ ತಪಾಸಣೆ: ಇದು ವ್ಯಾಟಲ್ ಹೌದಾ?

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಕುಡುಗೋಲಿನ ಹಾಗೆ ಬಾಗಿದ ಉದ್ದ ಎಲೆ ಕಂಡರೆ ಒಂದು ಎಲೆ ಹಿಸುಕಿ ಮೂಸಿ. ನೀಲಗಿರಿ ಎಣ್ಣೆಯ ವಾಸನೆ ಬಂದರೆ ಅದು ಯೂಕಲಿಪ್ಟಸ್, ಅಲ್ಲಿಗೆ ಮುಗಿಯಿತು. ಮೂಗು ಕಟ್ಟಿದ್ದರೆ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಯೂಕಲಿಪ್ಟಸ್ ಎಲೆಗೆ ನಡುವೆ ಒಂದೇ ದಪ್ಪ ನರ. ನಮ್ಮ ಅಕೇಶಿಯಾಗಳಲ್ಲಿ ಬುಡದಿಂದ ತುದಿಯವರೆಗೆ ಮೂರು ನಾಲ್ಕು ದಪ್ಪ ನರಗಳು ಜೊತೆಜೊತೆಗೆ ಓಡುತ್ತವೆ.

ಎಲೆ ಸಣ್ಣ ಸಣ್ಣದಾಗಿ ಗರಿಯಂತಿದ್ದರೆ ಮುಳ್ಳು ಹುಡುಕಿ. ಕರಿಜಾಲಿಗೂ ಬಳ್ಳಾರಿ ಜಾಲಿಗೂ ಮುಳ್ಳಿದೆ, ಈ ಬೆಟ್ಟದ ವ್ಯಾಟಲ್‌ಗಳಿಗೆ ಇಲ್ಲ. ಸುಬಾಬುಲ್‌ಗೂ ಮುಳ್ಳಿಲ್ಲ ಎಂಬುದೇ ಸ್ವಲ್ಪ ತಲೆನೋವು. ಅದರ ಕಿರುಎಲೆಯ ಅಗಲ ನೋಡಿ. ಸುಬಾಬುಲ್‌ನದು ಎರಡು ಮಿಲಿಮೀಟರಿಗಿಂತ ಅಗಲ, ಒಂದೊಂದು ಕಿರುಎಲೆಯೂ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ವ್ಯಾಟಲ್‌ನದು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ.

ದೋಷ: ಒಂದೇ ಗಿಡದಲ್ಲಿ ಎರಡು ಥರದ ಎಲೆ

ಇದು ದೋಷವೇ ಅಲ್ಲ, ಆ ಗಿಡದ ಹುಟ್ಟುಗುಣ. ಔರಿಕುಲಿಫಾರ್ಮಿಸ್, ಮ್ಯಾಂಜಿಯಂ, ಮೆಲನೋಕ್ಸಿಲಾನ್ ಮರಗಳಲ್ಲಿ ನಾವು ಎಲೆ ಅನ್ನುವುದು ನಿಜಕ್ಕೂ ಚಪ್ಪಟೆಯಾಗಿ ಅಗಲವಾದ ತೊಟ್ಟು. ಸಸ್ಯಶಾಸ್ತ್ರದವರು ಅದನ್ನು ಫಿಲೋಡ್ ಅನ್ನುತ್ತಾರೆ. ಬೀಜ ಮೊಳೆತಾಗ ಮೊದಲು ಬರುವುದು ಗರಿ ಎಲೆಯೇ. ಆಮೇಲೆ ಬರುವ ಎಲೆಗಳಲ್ಲಿ ತೊಟ್ಟು ಅಗಲವಾಗುತ್ತಾ, ತುದಿಯ ಗರಿ ಕಿರಿದಾಗುತ್ತಾ, ಕೊನೆಗೆ ಗರಿಯೇ ಮಾಯವಾಗಿ ತೊಟ್ಟು ಮಾತ್ರ ಉಳಿಯುತ್ತದೆ. ಅಗಲ ತೊಟ್ಟಿನ ತುದಿಯಲ್ಲಿ ಪುಟ್ಟ ಗರಿ ಅಂಟಿಕೊಂಡಿರುವ ನಡುಹಂತದ ಎಲೆ ಸಿಕ್ಕರೆ ಒಮ್ಮೆ ನಿಂತು ನೋಡಿ. ಇಡೀ ಬದಲಾವಣೆ ಒಂದೇ ಎಲೆಯಲ್ಲಿ ಕಾಣುತ್ತದೆ.

ಔರಿಕುಲಿಫಾರ್ಮಿಸ್ ಮತ್ತು ಮ್ಯಾಂಜಿಯಂನಲ್ಲಿ ಈ ಬದಲಾವಣೆ ನರ್ಸರಿಯ ಚೀಲದಲ್ಲೇ ಮುಗಿದುಹೋಗುತ್ತದೆ. ಮೆಲನೋಕ್ಸಿಲಾನ್ ಹಾಗಲ್ಲ. ಅದು ಗರಿ ಎಲೆಯನ್ನು ತುಂಬಾ ದಿನ ಉಳಿಸಿಕೊಳ್ಳುತ್ತದೆ, ಅದರಲ್ಲೂ ನೆರಳಿನಲ್ಲಿ ಬೆಳೆದರೆ. ಆಳೆತ್ತರದ ಗಿಡದಲ್ಲಿ ಎರಡೂ ಬಗೆಯ ಎಲೆ ಒಟ್ಟಿಗಿದ್ದು, ಜಾಗ ತಂಪಿನ ಬೆಟ್ಟವಾಗಿದ್ದರೆ ಮೊದಲ ಅನುಮಾನ ಮೆಲನೋಕ್ಸಿಲಾನ್ ಮೇಲೆಯೇ ಇರಲಿ.

ಪರಿಹಾರ ಸುಲಭ. ಬುಡದ ಚಿಗುರು, ಕಡಿದ ಜಾಗದಲ್ಲಿ ಬಂದ ಚಿಗುರು, ದಟ್ಟ ನೆರಳಿನ ಕೊಂಬೆ ಇವುಗಳನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಡಿ. ಬಿಸಿಲಿಗೆ ಮುಖ ಮಾಡಿದ, ಬಲಿತ ಕೊಂಬೆಯನ್ನು ಒಂದು ಗೇಣು ಮುರಿದುಕೊಳ್ಳಿ. ಎಲೆ ಮಾತ್ರ ಕಿತ್ತು ತಂದರೆ ಪ್ರಯೋಜನವಿಲ್ಲ, ಕೊಂಬೆಯೂ ಬೇಕು. ಚೀಲದಲ್ಲಿ ಬರೀ ಗರಿ ಎಲೆ ಇರುವ ಎಳೆ ಸಸಿಯನ್ನು ತೋರಿಸಿ ಯಾವ ಜಾತಿ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಬೀಜ ಎಲ್ಲಿಂದ ಬಂತು ಎಂದು ಕೇಳುವುದೇ ವಾಸಿ.

ದೋಷ: ಮ್ಯಾಂಜಿಯಂ ಅಂದಿದ್ದರು, ಎಲೆ ನೋಡಿದರೆ ಹಾಗಿಲ್ಲ

ಮಲೆನಾಡಿನ ಕಡೆ ಅತಿ ಹೆಚ್ಚು ಕೇಳಿಬರುವ ದೂರು ಇದು. ಔರಿಕುಲಿಫಾರ್ಮಿಸ್, ಮ್ಯಾಂಜಿಯಂ ಎರಡಕ್ಕೂ ಜನ ಅಕೇಶಿಯಾ ಎಂದೇ ಅನ್ನುತ್ತಾರೆ, ಬೀಜ ಬೆರೆಯುವುದೂ ಸುಲಭ.

ಪುಸ್ತಕದ ಅಳತೆ ಹೀಗಿದೆ. ಔರಿಕುಲಿಫಾರ್ಮಿಸ್ ಎಲೆ ಸುಮಾರು 10ರಿಂದ 16 ಸೆಂಟಿಮೀಟರ್ ಉದ್ದ, ಅಗಲ ಸಾಮಾನ್ಯವಾಗಿ 1ರಿಂದ 3 ಸೆಂಟಿಮೀಟರ್. ಮ್ಯಾಂಜಿಯಂ ಎಲೆ 11ರಿಂದ 27 ಸೆಂಟಿಮೀಟರ್ ಉದ್ದ, ಅಗಲ 3ರಿಂದ 10. ಓದಿದಾಗ ಇಷ್ಟು ಸಾಕಲ್ಲ ಅನಿಸುತ್ತದೆ. ಆದರೆ ಒಣ ಗುಡ್ಡದ ಮೇಲಿನ ಮ್ಯಾಂಜಿಯಂ ಮರದ ತುದಿಯ ಎಲೆಯನ್ನೂ, ಗೊಬ್ಬರದ ಗುಂಡಿ ಪಕ್ಕದ ಔರಿಕುಲಿಫಾರ್ಮಿಸ್ ಚಿಗುರಿನ ಎಲೆಯನ್ನೂ ಒಟ್ಟಿಗಿಟ್ಟರೆ ಸ್ಕೇಲ್ ಕೈಕೊಡುತ್ತದೆ. ಹಾಗಾಗಿ ಈ ಕ್ರಮದಲ್ಲಿ ನೋಡಿ.

ಮೊದಲು ಕೊಂಬೆ. ತುದಿಯ ಹಸಿರು ಕೊಂಬೆಯನ್ನು ಎರಡು ಬೆರಳ ನಡುವೆ ಹೊರಳಿಸಿ. ಮ್ಯಾಂಜಿಯಂನದು ಚೂಪಾದ ಮೂರು ಏಣಿನ ಕೊಂಬೆ, ಹೊರಳಿಸಿದರೆ ಬೆರಳಿಗೆ ತಡೆತಡೆದು ಗೊತ್ತಾಗುತ್ತದೆ. ಔರಿಕುಲಿಫಾರ್ಮಿಸ್‌ನಲ್ಲೂ ಎಳೆಯದರಲ್ಲಿ ಏಣು ಇರುತ್ತದೆ, ಆದರೆ ಅಷ್ಟು ಚೂಪಿಲ್ಲ. ಎರಡನ್ನೂ ಒಮ್ಮೆ ಮುಟ್ಟಿ ನೋಡಿದವರಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ.

ಆಮೇಲೆ ನರ. ಎಲೆಯನ್ನು ಸೂರ್ಯನ ಕಡೆ ಹಿಡಿದು ನಡುಭಾಗದಲ್ಲಿ ದಪ್ಪ ನರಗಳನ್ನು ಎಣಿಸಿ. ಔರಿಕುಲಿಫಾರ್ಮಿಸ್‌ನಲ್ಲಿ ಸಾಮಾನ್ಯವಾಗಿ ಮೂರು, ಮ್ಯಾಂಜಿಯಂನಲ್ಲಿ ಸಾಮಾನ್ಯವಾಗಿ ನಾಲ್ಕು. ಮ್ಯಾಂಜಿಯಂನಲ್ಲಿ ಮೂರೋ ಐದೋ ಇರುವುದೂ ಉಂಟು, ಅದಕ್ಕೇ ಒಂದೇ ಎಲೆ ಎಣಿಸಿ ತೀರ್ಮಾನಕ್ಕೆ ಬರಬೇಡಿ, ನಾಲ್ಕಾರು ಎಲೆ ಎಣಿಸಿ. ಎಣಿಕೆಗಿಂತ ನನಗೆ ಹೆಚ್ಚು ನಂಬಿಕೆ ಇರುವುದು ದಪ್ಪ ನರಗಳ ನಡುವಿನ ಜಾಗದ ಮೇಲೆ. ಔರಿಕುಲಿಫಾರ್ಮಿಸ್‌ನಲ್ಲಿ ಆ ಜಾಗದ ತುಂಬ ಸಣ್ಣ ನರಗಳು ಒತ್ತೊತ್ತಾಗಿ, ಉದ್ದುದ್ದಕ್ಕೆ ಸಾಲು ಹಿಡಿದಿರುತ್ತವೆ. ಮ್ಯಾಂಜಿಯಂನಲ್ಲಿ ಸಣ್ಣ ನರಗಳು ಒಂದಕ್ಕೊಂದು ಕೂಡಿಕೊಂಡು ಬಲೆ ಹೆಣೆದಿರುತ್ತವೆ. ಭೂತಗನ್ನಡಿಯಲ್ಲಿ ಇದು ಸ್ಪಷ್ಟ.

ಆಕಾರ ಮೂರನೆಯದು. ಔರಿಕುಲಿಫಾರ್ಮಿಸ್ ಎಲೆ ಎರಡೂ ಅಂಚಿನಲ್ಲಿ ಒಂದೇ ಕಡೆಗೆ ಬಾಗಿರುತ್ತದೆ. ಮ್ಯಾಂಜಿಯಂ ಎಲೆ ಅಗಲವಾಗಿ, ಒಂದು ಅಂಚು ಹೆಚ್ಚುಕಮ್ಮಿ ನೇರ, ಇನ್ನೊಂದು ಅಂಚು ಹೊಟ್ಟೆ ಬಂದಂತೆ ಉಬ್ಬಿರುತ್ತದೆ.

ಇಷ್ಟು ನೋಡಿದ ಮೇಲೂ ಒಂದು ಗುರುತು ಈ ಕಡೆ, ಇನ್ನೊಂದು ಆ ಕಡೆ ಎಳೆಯುತ್ತಿದ್ದರೆ? ಆಗ ಬೆರಕೆಯ ಸಾಧ್ಯತೆ ಯೋಚಿಸಿ. ಈ ಎರಡು ಜಾತಿಗಳು ಹತ್ತಿರದಲ್ಲಿದ್ದರೆ ತಮ್ಮಷ್ಟಕ್ಕೆ ತಾವೇ ಬೆರೆಯುತ್ತವೆ. 1970ರ ದಶಕದ ಆರಂಭದಲ್ಲಿ ಮಲೇಷ್ಯಾದ ಸಬಾ ಪ್ರಾಂತ್ಯದಲ್ಲಿ ಇಂಥ ಮರಗಳನ್ನು ಮೊದಲು ಗಮನಿಸಿದರು. ಈಗ ವಿಯೆಟ್ನಾಂನಲ್ಲಿ ಈ ಬೆರಕೆಯನ್ನೇ ದೊಡ್ಡ ಪ್ರಮಾಣದಲ್ಲಿ ಬೆಳೆಸುತ್ತಾರೆ, ಬೀಜದಿಂದಲ್ಲ, ಕಡ್ಡಿಯಿಂದ. ಬೆರಕೆಯ ಎಲೆ ಅಗಲದಲ್ಲೂ ನರದಲ್ಲೂ ನಡುವಿನದು. ನಿಮ್ಮ ತೋಪಿನಲ್ಲಿ ಒಂದೆರಡು ಮರ ಮಾತ್ರ ಹೀಗೆ ನಡುವಿನ ಗುಣ ತೋರಿಸುತ್ತಿದ್ದರೆ ಅದಕ್ಕೆ ಬಲವಂತವಾಗಿ ಒಂದು ಹೆಸರು ಹಚ್ಚಬೇಡಿ, ಬೆರಕೆ ಇರಬಹುದು ಎಂದು ಬರೆದಿಡಿ. ಅದರ ಬೀಜ ಆರಿಸಿ ಸಸಿ ಮಾಡಲು ಮಾತ್ರ ಹೋಗಬೇಡಿ. ಮುಂದಿನ ಪೀಳಿಗೆಯಲ್ಲಿ ಒಂದೊಂದು ಸಸಿ ಒಂದೊಂದು ಥರ ಬರುತ್ತದೆ.

ಸ್ಪ್ರಿಂಗ್‌ವೇಲ್ ಅಂತ ಇನ್ನೊಂದು ಹೆಸರೂ ಕೇಳಿರಬಹುದು. ಅದು ಬೇರೆ ಜಾತಿ ಅಲ್ಲ, ಔರಿಕುಲಿಫಾರ್ಮಿಸ್‌ನದೇ ಒಂದು ಮೂಲದ ಬೀಜ. ಕಾಂಡ ನೇರವಾಗಿ ಹೋಗುತ್ತದೆ ಎಂದು ಅದನ್ನು ಇಷ್ಟಪಡುತ್ತಾರೆ. ಎಲೆ ನೋಡಿ ಅದನ್ನು ಬೇರೆ ಮಾಡುವ ಆಸೆ ಬಿಡಿ.

ಹೂವೋ ಕಾಯಿಯೋ ಇದ್ದರಂತೂ ಜಗಳವೇ ಇಲ್ಲ. ಔರಿಕುಲಿಫಾರ್ಮಿಸ್ ಹೂತೆನೆ ಹಳದಿ, ಮ್ಯಾಂಜಿಯಂನದು ಬಿಳಿ ಅಥವಾ ಕೆನೆ ಬಣ್ಣ. ಔರಿಕುಲಿಫಾರ್ಮಿಸ್ ಕಾಯಿ ಅಗಲವಾಗಿ, ಗಟ್ಟಿಯಾಗಿ, ಕಿವಿಯ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಮ್ಯಾಂಜಿಯಂ ಕಾಯಿ ಸಪೂರ, ಒಂದರೊಳಗೊಂದು ಸಿಕ್ಕಿಕೊಂಡ ಸುರುಳಿ. ಮರದ ಕೆಳಗೆ ದರಕು ಗುಡಿಸಿದರೆ ವರ್ಷದ ಯಾವ ಕಾಲದಲ್ಲೂ ಒಂದೆರಡು ಹಳೆ ಕಾಯಿ ಸಿಗುವ ಸಾಧ್ಯತೆ ಇದೆ.

ದೋಷ: ಗರಿ ಎಲೆಯ ವ್ಯಾಟಲ್‌ಗಳೆಲ್ಲ ಒಂದೇ ಥರ ಕಾಣುತ್ತವೆ

ಇಲ್ಲಿ ನಿಜವಾದ ಕೆಲಸ ಶುರು. ಮಿಯರ್ನ್ಸಿಐ, ಡೀಲ್‌ಬಾಟಾ, ಡೆಕರೆನ್ಸ್ ಮೂರೂ ಆಗ್ನೇಯ ಆಸ್ಟ್ರೇಲಿಯಾದವು. ಮೂರಕ್ಕೂ ಕೊನೆಯವರೆಗೂ ಗರಿ ಎಲೆಯೇ, ಫಿಲೋಡ್ ಬರುವುದೇ ಇಲ್ಲ. ಎಲೆಯ ನಡುದಂಡಿನಿಂದ ಎರಡೂ ಕಡೆ ಕವಲು, ಆ ಕವಲಿನ ಎರಡೂ ಕಡೆ ಕಿರುಎಲೆ.

ಕಪ್ಪು ವ್ಯಾಟಲ್ ಎಂದರೆ ಮಿಯರ್ನ್ಸಿಐ. ಬೆಳ್ಳಿ ವ್ಯಾಟಲ್ ಎಂದರೆ ಡೀಲ್‌ಬಾಟಾ. ಹಸಿರು ವ್ಯಾಟಲ್ ಎಂದರೆ ಡೆಕರೆನ್ಸ್. ಬಣ್ಣದ ಹೆಸರು ಕೇಳಿ ಬಣ್ಣದಿಂದಲೇ ಗುರುತಿಸಲು ಹೊರಟವರು ದಾರಿ ತಪ್ಪುತ್ತಾರೆ. ಮಂಜಿನ ದಿನ ನೀಲಗಿರಿಯ ಇಳಿಜಾರಿನಲ್ಲಿ ನಿಂತು ನೋಡಿದರೆ ಎಲ್ಲವೂ ಬೆಳ್ಳಿಯೇ.

ಡೆಕರೆನ್ಸನ್ನು ಮೊದಲು ಬೇರೆ ಮಾಡಿಬಿಡಿ, ಅದು ಸುಲಭ. ಅದರ ಕಿರುಎಲೆ ಉದ್ದ, 5ರಿಂದ 15 ಮಿಲಿಮೀಟರ್. ದಾರದಷ್ಟು ಸಪೂರ, ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿರುತ್ತದೆ, ನಡುವೆ ಬೆಳಕು ಕಾಣುತ್ತದೆ. ಎಳೆ ಕೊಂಬೆಯ ಮೇಲೆ ಎಲೆ ಹುಟ್ಟುವ ಜಾಗದಿಂದ ಕೆಳಕ್ಕೆ ಎದ್ದು ಕಾಣುವ ಪಟ್ಟಿಗಳು ಇಳಿದಿರುತ್ತವೆ. ಕೊಂಬೆಯಲ್ಲಿ ರೋಮ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಎರಡರಲ್ಲಿ ಕಿರುಎಲೆ ತುಂಬಾ ಚಿಕ್ಕದು, ಒತ್ತೊತ್ತಾಗಿ ಕೂತಿರುತ್ತದೆ. ಮಿಯರ್ನ್ಸಿಐನಲ್ಲಿ ಒಂದೂವರೆಯಿಂದ ನಾಲ್ಕು ಮಿಲಿಮೀಟರ್ ಅಷ್ಟೇ. ಡೀಲ್‌ಬಾಟಾದ್ದೂ ಹೆಚ್ಚುಕಮ್ಮಿ ಅಷ್ಟೇ, ಸ್ವಲ್ಪ ಉದ್ದ ಹೋಗಬಹುದು. ಆದ್ದರಿಂದ ಇವೆರಡರ ನಡುವೆ ಅಳತೆ ತೆಗೆಯುತ್ತಾ ಕೂರುವುದು ಸುಮ್ನೆ ಹೊತ್ತು ಕಳೆಯುವ ಕೆಲಸ.

ಕಪ್ಪು ಮತ್ತು ಬೆಳ್ಳಿಯನ್ನು ಬಿಡಿಸುವುದು ಗ್ರಂಥಿಗಳು. ಎಲೆಯ ನಡುದಂಡಿನ ಮೇಲ್ಭಾಗವನ್ನು ನೋಡಿ. ಕವಲುಗಳ ಜೋಡಿ ಹುಟ್ಟುವ ಜಾಗದಲ್ಲಿ ಸಣ್ಣ ಗುಬುಟು ಇರುತ್ತದೆ, ಅದೇ ಗ್ರಂಥಿ. ಡೀಲ್‌ಬಾಟಾದಲ್ಲಿ ಒಂದು ಜೋಡಿಗೆ ಒಂದರಂತೆ ಇರುತ್ತದೆ, ಎರಡು ಜೋಡಿಗಳ ನಡುವಿನ ದಂಡು ಸಾಮಾನ್ಯವಾಗಿ ಖಾಲಿ. ಮಿಯರ್ನ್ಸಿಐನಲ್ಲಿ ಜೋಡಿಯ ಹತ್ತಿರ ಇರುವುದಲ್ಲದೆ, ಜೋಡಿ ಜೋಡಿಗಳ ನಡುವೆಯೂ ಕ್ರಮವಿಲ್ಲದ ಹಾಗೆ ಒಂದೋ ಎರಡೋ ಹೆಚ್ಚಿನ ಗ್ರಂಥಿಗಳಿರುತ್ತವೆ. ಒಂದು ಕ್ರಮದಲ್ಲಿದ್ದರೆ ಬೆಳ್ಳಿ, ಚೆಲ್ಲಾಪಿಲ್ಲಿಯಾದರೆ ಕಪ್ಪು. ಡೆಕರೆನ್ಸ್‌ನಲ್ಲೂ ನಡುವೆ ಗ್ರಂಥಿ ಇರುವುದಿಲ್ಲ, ಅದಕ್ಕೇ ಅದನ್ನು ಮೊದಲೇ ಪಕ್ಕಕ್ಕಿಡಿ ಎಂದಿದ್ದು.

ಗ್ರಂಥಿಯ ಉತ್ತರ ಸರಿಯೋ ಎಂದು ನೋಡಲು ಎಳೆ ಚಿಗುರನ್ನು ಗಮನಿಸಿ. ಮಿಯರ್ನ್ಸಿಐ ಚಿಗುರಿನಲ್ಲಿ ಹೊನ್ನಿನ ಬಣ್ಣದ ಮೃದು ರೋಮ, ತುದಿ ಹಳದಿ ಛಾಯೆಯಲ್ಲಿ ಕಾಣುತ್ತದೆ. ಡೀಲ್‌ಬಾಟಾ ಚಿಗುರು ಬೂದು ಬಿಳುಪು, ಎಳೆ ಕೊಂಬೆಯನ್ನು ಬೆರಳಲ್ಲಿ ಒರೆಸಿದರೆ ಬಿಳಿ ಪುಡಿಯಂಥದ್ದು ಅಳಿಸಿಹೋಗುತ್ತದೆ. ಬಣ್ಣ ನಂಬಬೇಡಿ ಎಂದು ಮೇಲೆ ಹೇಳಿದ್ದು ಬಲಿತ ಎಲೆಗೆ. ಚಿಗುರಿನ ಬಣ್ಣ ಸಾಕ್ಷಿಯಾಗಿ ಪರವಾಗಿಲ್ಲ, ತೀರ್ಪಾಗಿ ಬೇಡ. ಕಾಯಿ ಸಿಕ್ಕರೆ ಮಿಯರ್ನ್ಸಿಐನದು ಬೀಜ ಬೀಜಗಳ ನಡುವೆ ಒಳಕ್ಕೆ ಒತ್ತಿದ ಹಾಗೆ, ಮಣಿಸರದಂತೆ ಕಾಣುತ್ತದೆ. ಡೀಲ್‌ಬಾಟಾದ್ದು ಚಪ್ಪಟೆ, ಅಂಚು ಅಷ್ಟಾಗಿ ಒಳಕ್ಕೆ ಹೋಗಿರುವುದಿಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳಬಹುದು. ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲಿನಲ್ಲಿ ಹರಡಿದ ವ್ಯಾಟಲ್ ತೆಗೆಯುವವರಿಗಂತೂ ಬೇಕೇ ಬೇಕು. ಡೀಲ್‌ಬಾಟಾ ಬೇರಿನಿಂದಲೇ ಚಿಗುರುತ್ತದೆ. ಒಂದು ಮರ ಕಡಿದು ಮನೆಗೆ ಹೋದರೆ ಸುತ್ತ ಹತ್ತಾರು ಸಸಿ ಏಳುತ್ತವೆ. ಮಿಯರ್ನ್ಸಿಐ ಹೆಚ್ಚಾಗಿ ಬೀಜದಿಂದ ಹರಡುತ್ತದೆ, ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಒಂದಕ್ಕೆ ಬೇರಿನ ಮೇಲೆ ಕಣ್ಣಿಡಬೇಕು, ಇನ್ನೊಂದಕ್ಕೆ ಮಣ್ಣಿನಲ್ಲಿರುವ ಬೀಜದ ಮೇಲೆ. ಚರ್ಮ ಹದ ಮಾಡಲು ತೊಗಟೆ ಬೇಕಾದವರಿಗೂ ವ್ಯತ್ಯಾಸ ಮುಖ್ಯ. ಟ್ಯಾನಿನ್‌ಗೆ ಹೆಸರಾದದ್ದು ಮಿಯರ್ನ್ಸಿಐ ತೊಗಟೆ.

ದೋಷ: ಗ್ರಂಥಿ ಸಿಗುತ್ತಿಲ್ಲ, ಅಥವಾ ಬೇಡದ ಕಡೆ ಸಿಗುತ್ತಿದೆ

ಸಿಗದಿದ್ದರೆ ಎಲೆಯನ್ನು ತಿರುಗಿಸಿ. ತುಂಬಾ ಜನ ಕೆಳಭಾಗ ನೋಡುತ್ತಿರುತ್ತಾರೆ. ಎಳೆ ಎಲೆಯಲ್ಲಿ ರೋಮ ಮುಚ್ಚಿಕೊಂಡಿದ್ದರೆ ಕೊಂಬೆಯ ಕೆಳಗಿನ ಬಲಿತ ಎಲೆಗೆ ಹೋಗಿ. ಪೇಪರಿನ ನಡುವೆ ಎರಡು ದಿನ ಒತ್ತಿಟ್ಟು ಒಣಗಿಸಿದರೆ ಗ್ರಂಥಿ ಕಪ್ಪಗಾಗಿ ಇನ್ನೂ ಚೆನ್ನಾಗಿ ಕಾಣುವುದುಂಟು. ಒಣಗಿದ ಮೇಲೆ ಕಿರುಎಲೆ ಉದುರುತ್ತದೆ, ಅದರ ಚಿಂತೆ ಬೇಡ, ನಮಗೆ ಬೇಕಾದ್ದು ದಂಡು.

ಬೇಡದ ಕಡೆಯೆಲ್ಲ ಗುಬುಟು ಕಂಡರೆ ಉಗುರಿನಲ್ಲಿ ಮೆಲ್ಲಗೆ ಕೆರೆಯಿರಿ. ಕಿತ್ತು ಬಂದರೆ ಅದು ಶಲ್ಕ ಕೀಟ. ಗ್ರಂಥಿ ದಂಡಿನದೇ ಭಾಗ, ಹಾಗೆ ಕಿತ್ತು ಬರುವುದಿಲ್ಲ. ಇರುವೆ ಓಡಾಡುತ್ತಿದ್ದರೆ ಅವು ಎಲ್ಲಿ ನಿಲ್ಲುತ್ತವೆ ನೋಡಿ, ಗ್ರಂಥಿಯ ಸಿಹಿಗೆ ಅವು ಬರುತ್ತವೆ. ಭೂತಗನ್ನಡಿಗಿಂತ ಬೇಗ ದಾರಿ ತೋರಿಸುತ್ತವೆ.

ದೋಷ: ಬೆಟ್ಟದಲ್ಲಿ ಔರಿಕುಲಿಫಾರ್ಮಿಸ್ ಥರದ್ದೇ ಎಲೆ

ಬಹುಶಃ ಮೆಲನೋಕ್ಸಿಲಾನ್. ಅದಕ್ಕೂ ಉದ್ದಕ್ಕೆ ಮೂರರಿಂದ ಐದು ದಪ್ಪ ನರ, ಆದರೆ ನಡುವೆ ಬಲೆ. ಹೂವು ಉಂಡೆಯಾಗಿರುತ್ತದೆ, ತೆನೆಯಾಗಿ ಅಲ್ಲ. ಬೀಜದ ಸುತ್ತ ಕೆಂಪು ದಾರ ಸುತ್ತಿಕೊಂಡಿರುತ್ತದೆ. ಇದಕ್ಕಿಂತ ಹೆಚ್ಚು ಪರದಾಡಬೇಕಾಗಿಲ್ಲ.

ದೋಷ: ಹಳೆ ಕಡತದ ಹೆಸರಿಗೂ ಎಲೆಗೂ ತಾಳೆಯಾಗುತ್ತಿಲ್ಲ

ಇಲ್ಲಿ ನಿಮ್ಮ ಎಲೆ ಸರಿ ಇರಬಹುದು, ಕಾಗದ ತಪ್ಪಿರಬಹುದು. ಈಗಿನ ಮಿಯರ್ನ್ಸಿಐಯನ್ನು ಹಿಂದೆ ಡೆಕರೆನ್ಸ್‌ನ ಒಂದು ಬಗೆ ಎಂದೂ, ಮಾಲಿಸ್ಸಿಮಾ ಎಂದೂ ಬರೆಯುತ್ತಿದ್ದರು. ಮಿಯರ್ನ್ಸಿಐ ಎಂಬ ಹೆಸರು ಬಂದದ್ದೇ 1925ರಲ್ಲಿ. ಹಾಗಾಗಿ ನೂರು ವರ್ಷದ ಹಿಂದಿನ ದಾಖಲೆಯಲ್ಲಿ ಡೆಕರೆನ್ಸ್ ಎಂದಿದ್ದು, ಜಾಗಕ್ಕೆ ಹೋದರೆ ಚೆಲ್ಲಾಪಿಲ್ಲಿ ಗ್ರಂಥಿಯ ಕಪ್ಪು ವ್ಯಾಟಲ್ ಸಿಕ್ಕರೆ ಗಾಬರಿ ಬೇಡ. ಕರಿಜಾಲಿಯ ಕಥೆ ಇದಕ್ಕೆ ಉಲ್ಟಾ. ಅದನ್ನು ಹಳೆ ಪುಸ್ತಕಗಳು ಅಕೇಶಿಯಾ ಅನ್ನುತ್ತವೆ, ಈಗ ವಾಚೆಲಿಯಾ ಅನ್ನುತ್ತಾರೆ. ಅಕೇಶಿಯಾ ಎಂಬ ಹೆಸರು ಆಸ್ಟ್ರೇಲಿಯಾದ ಗುಂಪಿಗೆ ಉಳಿಯಲಿ ಎಂದು 2005ರ ವಿಯೆನ್ನಾ ಸಮ್ಮೇಳನದಲ್ಲಿ ಸಸ್ಯಶಾಸ್ತ್ರಜ್ಞರು ತೀರ್ಮಾನಿಸಿದರು. ಆ ಹೆಸರು ಯಾವ ಗುಂಪಿಗೆ ಸೇರಬೇಕು ಎಂಬ ವಾದವಂತೂ ತುಂಬಾ ದಿನ ನಡೆಯಿತು.

ದೋಷ: ಫೋಟೋ ಮಾತ್ರ ಇದೆ, ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತಿದೆ

ದೂರದಿಂದ ತೆಗೆದ ಇಡೀ ಮರದ ಫೋಟೋದಲ್ಲಿ ಗ್ರಂಥಿಯೂ ಇಲ್ಲ, ನರವೂ ಇಲ್ಲ. ಆ್ಯಪ್ ಬಣ್ಣ, ಆಕಾರ ನೋಡಿ ಊಹಿಸುತ್ತದೆ ಅಷ್ಟೇ. ಮೆಲ್ಬರ್ನ್, ಸಿಡ್ನಿಯಲ್ಲಿರುವ ನಮ್ಮವರು ರಸ್ತೆ ಬದಿಯ ವ್ಯಾಟಲ್ ಫೋಟೋ ಕಳಿಸಿ ಹೆಸರು ಕೇಳುವುದುಂಟು. ಅಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ತೋಟಗಳಲ್ಲಿ ಬೆಳೆಸುವ ಬೇಯ್ಲಿಯಾನಾ ಕೂಡ ನೀಲಿ ಬೂದು ಗರಿ ಎಲೆಯದ್ದೇ. ಅದರಲ್ಲಿ ಕವಲಿನ ಜೋಡಿಗಳು ಹೆಚ್ಚಾಗಿ ಎರಡರಿಂದ ನಾಲ್ಕು ಮಾತ್ರ, ಡೀಲ್‌ಬಾಟಾದಲ್ಲಿ ಹತ್ತರ ಮೇಲಿರುವುದೇ ಸಾಮಾನ್ಯ. ಆ ದೇಶದ ರಾಷ್ಟ್ರಪುಷ್ಪವಾದ ಪಿಕ್ನಾಂಥಾದ ಫಿಲೋಡ್‌ನಲ್ಲಂತೂ ನಡುವೆ ಒಂದೇ ದಪ್ಪ ನರ. ಹಾಗಾಗಿ ಮೇಲೆ ಹೇಳಿದ ಯೂಕಲಿಪ್ಟಸ್ ಪರೀಕ್ಷೆಯಲ್ಲಿ ನರದ ಭಾಗ ಅಲ್ಲಿ ನಡೆಯುವುದಿಲ್ಲ, ಮೂಗಿನ ಭಾಗ ಮಾತ್ರ ನಡೆಯುತ್ತದೆ.

ಫೋಟೋದಿಂದಲೇ ಕೆಲಸ ಆಗಬೇಕಿದ್ದರೆ ನಾಲ್ಕು ಫೋಟೋ ತೆಗೆಯಿರಿ. ಒಂದು, ಎಲೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಬೆಳಕು ಬರುವಂತೆ. ಇನ್ನೊಂದು, ಗರಿ ಎಲೆಯಾದರೆ ನಡುದಂಡಿನ ಮೇಲ್ಭಾಗ ಹತ್ತಿರದಿಂದ, ಮೂರು ನಾಲ್ಕು ಜೋಡಿ ಕವಲು ಒಟ್ಟಿಗೆ ಕಾಣುವ ಹಾಗೆ. ಮತ್ತೊಂದು, ಎಳೆ ಕೊಂಬೆಯ ಏಣು. ಕೊನೆಯದು ನೆಲದ ಮೇಲೆ ಬಿದ್ದ ಕಾಯಿ, ಪಕ್ಕದಲ್ಲೊಂದು ನಾಣ್ಯ ಇಟ್ಟು. ಇವು ನಾಲ್ಕೂ ಇದ್ದರೆ ಗಿಡ ಬಲ್ಲವರು ಮರದ ಹತ್ತಿರ ಬರದೆಯೂ ಹೆಸರು ಹೇಳಬಹುದು. ಕಾಯಿ ಸಿಗದೆ, ಗ್ರಂಥಿಯೂ ಅರೆಬರೆ ಕಂಡರೆ ಹೂ ಬಿಡುವವರೆಗೆ ಕಾಯಿರಿ. ಅಲ್ಲಿಯವರೆಗೆ ಚೀಟಿಯಲ್ಲಿ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಇರಲಿ.